ಅಜ್ಜಿಯ ಮಂಚದ ಮೇಲಿನ ಹೆಂಚು

ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಮಂಚದಲ್ಲಿ ಅಂಗಾತ ಮಲಗಿ ಸೂರಿನಲ್ಲಿ ಬೆಳಕಿನ ಚುಕ್ಕಿ ಹುಡುಕುತ್ತಿದ್ದರು. ಕಂಡ ಕಡೆಗೆಲ್ಲ ಊರುಗೋಲು ತೋರಿಸಿ, "ಅಲ್ಲೊಂದದೆ, ಗುರುತು ಮಾಡ್ಕ" ಅನ್ನೋರು. ಬಿಸಿಲು ಇಳಿದ ಕಡೆ ಮಳೆಯೂ ಇಳಿಯುತ್ತದೆ. ಹುಣಸೂರು ಪಕ್ಕದ ನಮ್ಮ ಹಳ್ಳಿಯಲ್ಲಿ ಮುಂಗಾರಿಗೆ ಮೊದಲು ಒಡೆದ ಹೆಂಚು ಬದಲಿಸುವುದು ನನ್ನ ರಜೆಯ ಕೆಲಸ. ಅಪ್ಪನದು ಒಂದೇ ಕಟ್ಟಳೆ: ಹೆಂಚಿನ ಮೇಲೆ ಕಾಲಿಡಬಾರದು, ಏಣಿಯಿಂದ, ಇಲ್ಲವೇ ಒಳಗೆ ಅಟ್ಟದಿಂದ, ಕೈಗೆಟುಕಿದಷ್ಟೇ. ಹಾಗಾಗಿ ಒಂದು ದಿನವೂ ಬೀಳಲಿಲ್ಲ. ಆದರೆ ಸೂರಿನ ತಂಟೆಗೆ ಹೋದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತಿತ್ತು.

ದೋಣಿಯ ಉಸಿರು

ಏಣಿ ಹತ್ತಿ, ಸೂರಂಚಿನ ತಗಡಿನ ದೋಣಿಯಿಂದ ಹೊಂಗೆ ಎಲೆ ಬಾಚುತ್ತಿದ್ದೆ. ಚಿಕ್ಕಪ್ಪ ಏಣಿ ಹಿಡಿದಿದ್ದರು. ನೀರಿಳಿಯುವ ಕೊಳವೆಯೊಳಗಿಂದ ಯಾರೋ ಉದ್ದಕ್ಕೆ ಉಸಿರುಬಿಟ್ಟರು.

"ಗಾಳಿ," ಅಂದರು ಚಿಕ್ಕಪ್ಪ.

ಉಸಿರು ಮತ್ತೆ ಬಂತು. ಈ ಸಲ ಕೆಮ್ಮಿತು. ಕೆಳಗೆ ನೋಡಿದರೆ ಏಣಿಯಿದೆ, ಚಿಕ್ಕಪ್ಪ ಇಲ್ಲ. ಗೋಡೆಯ ಮೂಲೆಯಿಂದ ಅಜ್ಜಿ ಬಾಯೆಲ್ಲ ಕೆಸರು ಮಾಡಿಕೊಂಡು ಬಂದರು. "ಕೊಳವೆ ಕಟ್ಕಂಡಿತ್ತು, ಊದ್ತಿದ್ದೆ. ಇವನ್ಯಾಕೆ ಬಸ್ ಸ್ಟ್ಯಾಂಡ್ ಕಡಿಕೆ ಓಡ್ತಾವ್ನೆ?"

ವಾಚು ಕಟ್ಟಿದ ಕೈ

ಇನ್ನೊಮ್ಮೆ ಅಟ್ಟದಲ್ಲಿ ನಿಂತು, ಒಡೆದ ಹೆಂಚು ತೆಗೆದ ಸಂದಿಯಿಂದ ಕೈ ಹೊರಹಾಕಿ ಮೇಲಿನ ಸಾಲು ತಡಕುತ್ತಿದ್ದೆ. ಪಕ್ಕದ ತಾರಸಿಯಲ್ಲಿ ಸಂಡಿಗೆ ಇಡುತ್ತಿದ್ದ ಆ ಮನೆಯಾಕೆ, "ಯಾರದು?" ಅಂದರು. ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ನಾನೋ ಕಾನ್ವೆಂಟಿನಲ್ಲಿ ಓದಿದವಳು, ಊರಲ್ಲಿ ಗಟ್ಟಿಯಾಗಿ ಮಾತಾಡಲು ನಾಚಿಕೆ. ಮೆಲ್ಲಗೆ ಕೈ ಒಳಗೆಳೆದುಕೊಂಡೆ.

ಸಂಜೆ ನಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತ ಆಕೆ ಅಮ್ಮನಿಗೆ ಪಿಸುಗುಟ್ಟಿದರು: "ಓದಿರೋ ದೆವ್ವ ಕಣಕ್ಕ. ವಾಚ್ ಬ್ಯಾರೆ ಕಟ್ಕಂಡದೆ."

ಮುಚ್ಚಬಾರದಿದ್ದ ಸಂದಿ

ಮರುವರ್ಷ ಅಜ್ಜಿ ಹಾಸಿಗೆ ಹಿಡಿದರು. "ನಾಕು ದಿನದಿಂದ ನೀರೂ ಇಳೀತಿಲ್ಲ, ಬಾ," ಎಂದು ಅಪ್ಪ ಎಸ್‌ಟಿಡಿ ಬೂತಿನಿಂದ ಮೈಸೂರಿನ ಹಾಸ್ಟೆಲ್ಲಿಗೆ ಫೋನ್ ಮಾಡಿದರು. ಬಂದರೆ ಮನೆ ತುಂಬ ನೆಂಟರು, ಹೊರಗೆ ಕಪ್ಪು ಮೋಡ. ಅಜ್ಜಿಯ ಮುಖದ ನೇರಕ್ಕೆ ಸೂರಿನಲ್ಲಿ ಒಂದು ಹೆಂಚೇ ಇಲ್ಲ! ಯಾರನ್ನೂ ಕೇಳದೆ ಅಟ್ಟದ ಅಂಚಿನಿಂದ ಕೈಚಾಚಿ ಮುಚ್ಚಿದೆ.

ಮಳೆ ಸುರಿಯಿತು. ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಕಣ್ಣುಬಿಟ್ಟು, ಒಂದು ಲೋಟ ಗಂಜಿ ಕುಡಿದು, ಇನ್ನೊಂದು ಕೇಳಿದರು. ಅಳಲೆಂದೇ ಸೆರಗು ಬಾಯಿಗಿಟ್ಟಿದ್ದ ಪಿರಿಯಾಪಟ್ಟಣದ ಅತ್ತೆ ಅದರಿಂದ ಸುಮ್ಮನೆ ಮೂಗು ಒರೆಸಿಕೊಂಡರು.

ಚಿಕ್ಕಪ್ಪ ಮೇಲೆ ನೋಡಿ ಬೆಚ್ಚಿದರು. "ಜೀವ ಒದ್ದಾಡ್ದಂಗೆ ಹೋಗ್ಲಿ ಅಂತ ನಾನೇ ತೆಗ್ದಿದ್ದೆ. ಯಾರ್ಲಾ ಮುಚ್ಚಿದ್ದು?"

ನಾನು ಗಂಜಿಯ ಲೋಟ ಎತ್ತಿಕೊಂಡು ಅಡಿಗೆಮನೆಗೆ ನಡೆದೆ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಅಜ್ಜಿ ನನ್ನ ಮಣಿಕಟ್ಟು ಹಿಡಿದರು. ನಾಲ್ಕು ದಿನ ಉಪವಾಸವಿದ್ದವರ ಹಿಡಿತ ಅದಾಗಿರಲಿಲ್ಲ.

"ನೀನೇ ಅಂತ ಗೊತ್ತು ಕಣವ್ವ. ಚಂದಾಗ್ ಮುಚ್ಚಿದ್ದೀಯ, ಒಂದ್ ಹನಿ ಸೋರಿಲ್ಲ."

ನಕ್ಕೆ. ಅಜ್ಜಿ ನಗಲಿಲ್ಲ.

"ನನ್ನ ಕರ್ಕಂಡೋಗಕೆ ಬಂದ ನಿಮ್ ತಾತ ಮೇಲೇ ಕುಂತವ್ರೆ. ಬದುಕಿದ್ದಾಗ್ಲೂ ಕೊಡೆ ಇಡ್ಕತಿರ್ಲಿಲ್ಲ."

ತಾತ ತೀರಿಕೊಂಡು ಹನ್ನೊಂದು ವರ್ಷ. ಸೂರಿನ ಮೇಲೆ, ಸರಿಯಾಗಿ ಆ ಹೆಂಚಿನಲ್ಲಿ, ಯಾರೋ ಕೂತ ಕಡೆಯೇ ಮಗ್ಗುಲು ಬದಲಿಸಿದಂತೆ ಕಟಕ್ ಎಂದಿತು.

"ನೆಂದು ಬೋ ಕ್ವಾಪ ಬಂದದೆ ಅವ್ರಿಗೆ," ಅಂದರು ಅಜ್ಜಿ. "ಅದೊಂದ್ ಹೆಂಚ ಸರ್ಸವ್ವ. ಒಳಿಕ್ ಬಂದು ಒಂದ್ ಲೋಟ ಗಂಜಿನಾದ್ರೂ ಕುಡೀಲಿ."