ಚಡ್ಡಿ ಹಿಡಿದ ಗೋಲ್‌ಕೀಪರ್

ಒಮ್ಮೆ ಊರಿನ ಯುವಕ ಮಂಡಲಕ್ಕೆ ಕಾರ್ಯದರ್ಶಿಯಾದವನು ಆಮೇಲೆ ಎಲ್ಲಿಗೇ ಹೋಗಲಿ, ಏನೇ ಆಗಲಿ, ಒಳಗೊಳಗೆ ಕಾರ್ಯದರ್ಶಿಯಾಗಿಯೇ ಉಳಿಯುತ್ತಾನೆ. ವರದಿಯಲ್ಲಿ ಖಾಲಿ ಜಾಗ ಕಂಡರೆ ಅವನ ಕೈ ತುರಿಸುತ್ತದೆ. ನಾನು ಉಡುಪಿ ಕಡೆಯ ಒಂದು ಹಳ್ಳಿಯ ಮಂಡಲಕ್ಕೆ ನಾಲ್ಕು ವರ್ಷ ಕಾರ್ಯದರ್ಶಿಯಾಗಿದ್ದೆ. ಆ ನಾಲ್ಕು ವರ್ಷದಲ್ಲಿ ಮಂಡಲ ಮಾಡಿದ್ದು ಒಂದೇ ಕೆಲಸ, ವಾಲಿಬಾಲ್ ಆಡಿದ್ದು. ಆದರೂ ನಾನು ಬರೆದ ವಾರ್ಷಿಕ ವರದಿ ಯಾವುದೂ ಎಂಟು ಪುಟಕ್ಕೆ ಕಡಿಮೆಯಿರಲಿಲ್ಲ. ಈ ಚಟ ನನ್ನ ಹಿಂದೆಯೇ ಅಬುಧಾಬಿಗೆ ಬಂದು, ದಕ್ಷಿಣ ಅಮೆರಿಕದ ಒಂದು ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯನ್ನೇ ಕೆಡಿಸಿತು. ಯಾರಿಗಾದರೂ ಹೇಳಿಬಿಡದಿದ್ದರೆ ನನಗೆ ಅನ್ನ ಸೇರುವುದಿಲ್ಲ.

ಅಬುಧಾಬಿಯ ಮುಸಫ್ಫಾದಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ನಾನು ಕಾಗದಪತ್ರ ನೋಡಿಕೊಳ್ಳುವವನು. ಎದುರು ಮೇಜಿನ ಹೊರಾಸಿಯೋ ವೆಲ್ಡಿಂಗ್ ಪರೀಕ್ಷಿಸುವವನು, ಪರಾಗ್ವೆಯ ನದಿ ದಂಡೆಯ ಯಾವುದೋ ಸಣ್ಣ ಪೇಟೆಯವನು. ಚಹಾ ಬಂತೆಂದರೆ ಅವನ ಬಾಯಲ್ಲಿ ಊರಿನ ಕ್ಲಬ್ಬಿನ ಮಾತು. ಕ್ಲಬ್ಬಿನ ಹೆಸರು ನಾಲ್ಕು ಪದ ಉದ್ದವಿದೆ, ನನ್ನ ನಾಲಿಗೆ ಎರಡನೆಯದರಲ್ಲೇ ಮುಗ್ಗರಿಸುತ್ತದೆ. ಆದರೆ ಚರಿತ್ರೆ ಬಾಯಿಪಾಠ. ಕ್ಲಬ್ ಕಟ್ಟಿದವರು ಚರ್ಮ ಹದಮಾಡುವ ಕಾರ್ಖಾನೆಯ ಆಳುಗಳು. ಅಂಗಿಗೆ ಬಣ್ಣ ಹಾಕಿಸಲು ಕೈಯಲ್ಲಿ ಕಾಸಿಲ್ಲದೆ ಚರ್ಮದ ಬಣ್ಣದಲ್ಲೇ ಅದ್ದಿದರಂತೆ. ಆ ಕಂದು ಅಂಗಿಯ ವಾಸನೆಗೆ ಎದುರಾಳಿಗಳು ಹತ್ತಿರ ಬರದೆ, ಮೊದಲ ವರ್ಷ ಸುಮಾರು ಆಟ ಹಾಗೆಯೇ ಗೆದ್ದರಂತೆ. ಮೈದಾನ ನದಿಯ ಕಡೆಗೆ ಇಳಿಜಾರು. ಚೆಂಡು ನೀರಿಗೆ ಬಿದ್ದರೆ ತರಲು ಒಬ್ಬ ದೋಣಿಯವನು, ಅವನಿಗೂ ಒಂದು ಅಂಗಿ. ಹೊರಾಸಿಯೋ ಇದನ್ನೆಲ್ಲ ಹೇಳುವಾಗ ಕಿಟಕಿಯ ಆಚೆಗಿನ ಪೈಪುಗಳ ರಾಶಿಯನ್ನು ನೋಡುತ್ತಿದ್ದ. ಅವನು ಊರು ಕಾಣದೆ ಆರು ವರ್ಷವಾಗಿತ್ತು. ನನ್ನ ಹೆಂಡತಿ ಸುಮಿತ್ರಾ ಒಮ್ಮೆ ಕೇಳಿಯೇಬಿಟ್ಟಳು, "ನಮ್ಮ ಮದುವೆಯ ದಿನ ನೆನಪಿಲ್ಲ ನಿಮಗೆ, ಆ ದೋಣಿಯವನ ಅಂಗಿಯ ಕತೆ ಮಾತ್ರ ಉಂಟಲ್ಲ?"

ಹೋದ ವರ್ಷ ಆ ನದಿಗೆ ನೆರೆ ಬಂದು ಕ್ಲಬ್ಬಿನ ಕಚೇರಿಯ ಹಳೆಯ ಪುಸ್ತಕ, ಪಟ ಎಲ್ಲ ಕೊಚ್ಚಿಹೋದವು. ಕಚೇರಿಯನ್ನು ಮತ್ತೆ ಕಟ್ಟುತ್ತೇವೆ, ಗೋಡೆಯ ಮೇಲೆ ಚರಿತ್ರೆ ಬರೆಸುತ್ತೇವೆ, ನೆನಪಿದ್ದದ್ದನ್ನು ಕಳಿಸಿ ಎಂದು ಪರದೇಶದಲ್ಲಿರುವವರಿಗೆಲ್ಲ ಕ್ಲಬ್ಬಿನವರು ತಿಳಿಸಿದರು. ಹೊರಾಸಿಯೋಗೆ ಮಾತು ಬರುತ್ತದೆ, ಬರೆಯಲು ಬರುವುದಿಲ್ಲ. "ನೀನು ಇಂಗ್ಲಿಷಿನಲ್ಲಿ ಬರಿ, ಊರಲ್ಲಿ ನನ್ನ ಮಗಳು ನಮ್ಮ ಭಾಷೆಗೆ ತಿರುಗಿಸ್ತಾಳೆ. ಯಲ್ಲಾ, ಶುರುಮಾಡು!" ಎಂದ. ಹಳೆಯ ಕಾರ್ಯದರ್ಶಿಗೆ ಇನ್ನೇನು ಬೇಕು? ಬರೆಯುತ್ತಾ ಬರೆಯುತ್ತಾ ಮುಖ್ಯವಾದ ಘಟ್ಟಕ್ಕೆ ಬಂದೆವು. ಒಂದು ಆಟ, ಸೋತರೆ ಕ್ಲಬ್ ಮುಚ್ಚಬೇಕು. ಕೊನೆಯ ನಿಮಿಷ. ಎದುರಾಳಿ ಚೆಂಡು ಒದ್ದ. ಗೋಲ್‌ಕೀಪರ್ ತಡೆದ, ಕ್ಲಬ್ ಉಳಿಯಿತು. "ಹೇಗೆ ತಡೆದ?" ಎಂದೆ. ಹೊರಾಸಿಯೋ ತಲೆ ತಗ್ಗಿಸಿದ. "ನಾನಾಗ ಚಿಕ್ಕವನು. ನನ್ನ ಮುಂದೆ ಒಬ್ಬ ದಪ್ಪ ಮನುಷ್ಯ ನಿಂತಿದ್ದ. ಏನೂ ಕಾಣಿಸಲಿಲ್ಲ."

ನೀವೇ ಹೇಳಿ, ಚರಿತ್ರೆಯ ನಟ್ಟನಡುವೆ ಇಷ್ಟು ದೊಡ್ಡ ತೂತು ಬಿಡುವುದು ಹೇಗೆ? ನಾನು ಅಲ್ಲಿ ನಮ್ಮ ಸಂಜೀವಣ್ಣನನ್ನು ಇಟ್ಟೆ. ಸಂಜೀವಣ್ಣನಿಗೆ ನಮ್ಮೂರಲ್ಲಿ ಸೈಕಲ್ ರಿಪೇರಿ ಅಂಗಡಿ, ಮಂಡಲದ ತಂಡಕ್ಕೆ ಅವನೇ ನಾಯಕ. ಒಂದು ಫೈನಲ್ಲಿನಲ್ಲಿ ಚೆಂಡು ನೆಲಕ್ಕೆ ಬೀಳುವ ಹೊತ್ತಿಗೆ ಸರಿಯಾಗಿ ಅವನ ಲುಂಗಿ ಜಾರಿತು. ಎಡಗೈಯಲ್ಲಿ ಲುಂಗಿ ಹಿಡಿದು, ಬಲಗೈಯಲ್ಲಿ ಚೆಂಡೆತ್ತಿ ನಮ್ಮನ್ನು ಗೆಲ್ಲಿಸಿದ. ವಾಲಿಬಾಲಿನವನನ್ನು ಗೋಲ್‌ಕೀಪರ್ ಮಾಡುವುದೇನು ಕಷ್ಟ, ಇಬ್ಬರದೂ ಕೈಕೆಲಸ. ಲುಂಗಿಯ ಬದಲು ಲಾಡಿ ಹರಿದ ಚಡ್ಡಿ ಎಂದು ಬರೆದೆ. ಹೊರಾಸಿಯೋ ಓದಿ ಕಣ್ಣೊರೆಸಿಕೊಂಡ. "ಹೌದು, ಜನ ಆವತ್ತು ನಕ್ಕಿದ್ದು ನೆನಪಿದೆ" ಎಂದ. ಇದು ನಮ್ಮೂರಿನ ಕತೆ ಎಂದು ಹೇಳದೆ ಹಾಗೆಯೇ ಕಳಿಸಿಬಿಟ್ಟೆ.

ಎರಡು ತಿಂಗಳ ಮೇಲೆ ಫೋನಿನಲ್ಲಿ ಪಟ ಬಂತು. ಹೊಸ ಗೋಡೆಯ ತುಂಬ ಕಂದು ಅಂಗಿಯ ಗೋಲ್‌ಕೀಪರ್, ಒಂದು ಕೈಯಲ್ಲಿ ಚೆಂಡು, ಇನ್ನೊಂದರಲ್ಲಿ ಚಡ್ಡಿ. ಆ ಪೇಟೆಯ ಮುದುಕರೆಲ್ಲ ತಾವು ಆ ದಿನ ಅಲ್ಲೇ ನಿಂತು ಕಣ್ಣಾರೆ ಕಂಡದ್ದಾಗಿ ಆಣೆ ಹಾಕುತ್ತಿದ್ದಾರಂತೆ. ಅವನ ಹೆಸರು ಮಾತ್ರ ಯಾರಿಗೂ ಹೊಳೆಯುತ್ತಿಲ್ಲ, ಪಟದ ಕೆಳಗೆ ಬರೆಯಬೇಕು, ಬೇಗ ತಿಳಿಸಿ ಎಂದು ಕ್ಲಬ್ಬಿನವರು ಬರೆದಿದ್ದರು. ಅಯ್ಯೋ ದೇವರೇ ಎಂದುಕೊಂಡು ಹೊರಾಸಿಯೋನ ಮುಂದೆ ಎಲ್ಲ ಒಪ್ಪಿಕೊಂಡೆ. ಬೈಯುತ್ತಾನೆ ಎಂದು ಕಾದರೆ ಅವನು ಪಟವನ್ನೇ ನೋಡುತ್ತಾ ಹೇಳಿದ, "ಬಣ್ಣ ಒಣಗಿಹೋಗಿದೆ, ಖಲಾಸ್. ಆ ದಪ್ಪ ಮನುಷ್ಯನ ಆಚೆ ಯಾರು ಇದ್ದರು ಅಂತ ನನಗೇನು ಗೊತ್ತು? ನಿನ್ನವನೇ ಇರಲಿ. ಹೆಸರು ಹೇಳು." ಹೇಳಿದೆ.

ಆವತ್ತು ಸಂಜೆ ಸಂಜೀವಣ್ಣನಿಗೆ ಫೋನು ಮಾಡಿದೆ. ನಿಜ ಹೇಳಬೇಕೆಂದರೆ ಅವನಿಗೆ ಫೋನು ಮಾಡಲು ನನಗೆ ಅಂಜಿಕೆ. ನಮ್ಮ ತಂಡದ ಆರು ಜನರಲ್ಲಿ ಇಬ್ಬರು ಮುಂಬೈಗೆ, ಇಬ್ಬರು ದೋಹಾಕ್ಕೆ ಹೋದ ಮೇಲೆ ಉಳಿದದ್ದು ನಾವಿಬ್ಬರೇ. ನೆಟ್ಟಿನ ಆಚೆ ಅವನು, ಈಚೆ ನಾನು ನಿಂತು ಒಂದು ಬೇಸಿಗೆ ಪೂರ್ತಿ ಆಡಿದೆವು. ರಜೆಯಲ್ಲಿ ಹೋದಾಗಲೆಲ್ಲ "ಬಾಲಿಗೆ ಗಾಳಿ ಹಾಕಿಟ್ಟಿದ್ದೇನೆ" ಎನ್ನುತ್ತಾನೆ. ನಾಳೆ ಬರ್ತೇನೆ ಎನ್ನುತ್ತೇನೆ, ಮದುವೆ, ಮುಂಜಿ, ನೆಂಟರ ಮನೆ ಸುತ್ತಿ ವಿಮಾನ ಹತ್ತುತ್ತೇನೆ. ಆ ಮೈದಾನ ನನಗೆ ಇಲ್ಲಿ ಪ್ರತಿ ಸಂಜೆ ಕಂಪನಿ ಬಸ್ಸಿನಲ್ಲಿ ಕೂತಾಗ ಬೇಕೆನಿಸುತ್ತದೆ. ಅಲ್ಲಿಗೆ ಹೋದಾಗ ಮಾತ್ರ ಪುರಸೊತ್ತಿರುವುದಿಲ್ಲ.

ಎಲ್ಲ ಕೇಳಿ ಸಂಜೀವಣ್ಣ, "ಎಂತ ಮಾರಾಯ, ಬರೀಲಿಕ್ಕೆ ಲುಂಗಿ ಜಾರಿದ್ದೇ ಸಿಕ್ಕಿದ್ದಾ ನಿಂಗೆ?" ಎಂದು ನಕ್ಕ. ಆಮೇಲೆ ಕೇಳಿದ:

"ಅಲ್ಲಿ ಈಗ್ಲೂ ಆಡ್ತಾರಾ? ಹನ್ನೊಂದು ಜನ ಸೇರ್ತಾರಾ?"

"ಸೇರ್ತಾರಂತೆ ಸಂಜೀವಣ್ಣ."

"ಪುಣ್ಯವಂತರು ಮಾರಾಯ. ನಮ್ಗೆ ಆರೇ ಜನ ಸಾಕಿತ್ತು."

ನಾನು ಸಾವಿರಾರು ಮೈಲಿ ದೂರದ ಕ್ಲಬ್ಬಿಗೆ ಇಲ್ಲದ ಚರಿತ್ರೆಯನ್ನೂ ಸೇರಿಸಿ ಬರೆದುಕೊಟ್ಟವನು. ನಮ್ಮ ಮಂಡಲದ ಕೊನೆಯ ವರ್ಷದ ವರದಿ ಮಾತ್ರ ಇವತ್ತಿಗೂ ಖಾಲಿ. ತುಂಬಿಸಲು ಎಂಟು ಪುಟವೇನೂ ಬೇಕಾಗಿರಲಿಲ್ಲ, ಒಂದು ಸಾಲು ಸಾಕಿತ್ತು: ಕಾರ್ಯದರ್ಶಿಗೆ ವೀಸಾ ಬಂತು.