ಬೆಲ್ಲದ ಬಣ್ಣದ ಪ್ಲಗ್

ರಂಗರಾಜುವಿನ ಕಷ್ಟವೆಲ್ಲ ಶುರುವಾದದ್ದು ಒಂದು ಸೈಲೆನ್ಸರಿನಿಂದ. ಹಳೇ ಗಾಡಿಗೆ ಹೊಸ ಉಸಿರು ಕೊಡುವುದು ಹೇಗೆಂದು ಯಾರೋ ಮೊಬೈಲಿನಲ್ಲಿ ತೋರಿಸಿದ್ದನ್ನು ನೋಡಿ, ಒಂದು ತಿಂಗಳ ಹಿಂದೆ ತನ್ನ ಹದಿನೆಂಟು ವರ್ಷದ ಬೈಕಿಗೆ ಅಗಲ ಬಾಯಿಯ ಸೈಲೆನ್ಸರ್ ಹಾಕಿಸಿದ. ಸಾಲದ್ದಕ್ಕೆ ಏರ್ ಫಿಲ್ಟರಿನ ಡಬ್ಬಿಯನ್ನೇ ಕಿತ್ತು, ಐಸ್‌ಕ್ರೀಮ್ ಕೋನಿನಂಥ ಹೊಸ ಫಿಲ್ಟರೊಂದನ್ನು ಸಿಕ್ಕಿಸಿದ.

ಅಂದಿನಿಂದ ಗಾಡಿ ಓಡುವಾಗ ಗುಡುಗುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೆ ಸಾಕು, ಡಬ್ ಡಬ್ ಡಬಾರ್ ಎಂದು ಸಿಡಿಯುತ್ತಿತ್ತು. ಹನೂರಿನ ಗೊಬ್ಬರದಂಗಡಿಯಲ್ಲಿ ಕೆಲಸ ಮುಗಿಸಿಕೊಂಡು ಅವನು ಸಂಜೆ ಏಳೂವರೆಗೆ ಮಧುವನಹಳ್ಳಿಯ ತಿರುವಿನಲ್ಲಿ ಗಾಡಿ ನಿಧಾನ ಮಾಡಿದರೆ, ಆ ಸದ್ದು ಕೇಳಿ ಅವನ ಬೀದಿಯ ಹೆಂಗಸರು ಅನ್ನಕ್ಕಿಡುತ್ತಿದ್ದರು.

ಅನ್ನಕ್ಕಿಡುವವರಲ್ಲಿ ಸೇರದವಳು ಅವನ ಹೆಂಡತಿ ಕವಿತ ಒಬ್ಬಳೇ. ಭಾನುವಾರ ಯಳಂದೂರಿನಲ್ಲಿ ಅವಳ ಅಕ್ಕ ಆಶಾರಾಣಿಯ ಮಗುವಿಗೆ ನಾಮಕರಣ. ಹಿಂದಿನ ಸಲ ಆ ಮನೆ ಮುಂದೆ ಗಾಡಿ ಸಿಡಿದಾಗ ಕರು ಹಗ್ಗ ಕಿತ್ತುಕೊಂಡು ಹೋಗಿ, ಅದನ್ನು ಹಿಡಿದು ತರುವುದರಲ್ಲಿ ಊಟ ಆರಿತ್ತು. ಅಂದು ಬೆಳಗ್ಗೆ ಕಾಫಿ ಲೋಟ ಕೊಡುತ್ತಾ ಕವಿತ ತೀರ್ಪು ಹೇಳಿದಳು.

"ಇವತ್ತು ಒಂದ್ಸಲನೂ ಸಿಡೀದಂಗೆ ನನ್ನ ಯಳಂದೂರ್ಗೆ ಕರ್ಕಂಡೋದ್ರೆ ಗಾಡಿ ಮನೇಲಿರ್ತದ. ಒಂದೇ ಒಂದ್ಸಲ ಸಿಡುದ್ರೂ ಅದು ಓಯ್ತದ, ಸ್ಕೂಟರ್ ಬತ್ತದ. ಅಷ್ಟೇಯ."

ರಂಗರಾಜು ಕಾಫಿ ಲೋಟ ಕೆಳಗಿಟ್ಟು ಗಾಡಿಯ ಕಡೆ ನೋಡಿದ. ಅದು ಅವನ ಮೊದಲ ಸಂಬಳದಲ್ಲಿ ಬಂದ ಗಾಡಿ. ಅದರ ಸ್ವಭಾವ ಗೊತ್ತಿದ್ದವನೂ ಅವನೊಬ್ಬನೇ. ಎಡಕ್ಕೆ ಕೊಂಚ ವಾಲಿಸಿ, ಕಿಕ್ಕರನ್ನು ಅರ್ಧ ಒತ್ತಿ, ಒಂದು ಉಸಿರು ಬಿಟ್ಟು, ಆಮೇಲೆ ಪೂರ್ತಿ ತುಳಿಯಬೇಕು. ಬೇರೆ ಯಾರು ತುಳಿದರೂ ಅದು ಮಳೆಯಲ್ಲಿ ನಿಂತ ಎಮ್ಮೆಯ ಹಾಗೆ ಅಲುಗಾಡುತ್ತಿರಲಿಲ್ಲ.

ಏಳು ಗಂಟೆಗೇ ಅವನು ಕೊಳ್ಳೇಗಾಲದಲ್ಲಿ ಮೆಕ್ಯಾನಿಕ್ ಮಾರಯ್ಯನ ಮುಂದಿದ್ದ. ಬೀಗರೂಟಕ್ಕೆ ಹೊರಡಲು ಬಿಳಿ ಪಂಚೆ ಉಟ್ಟು ನಿಂತಿದ್ದ ಮಾರಯ್ಯ ಗಾಡಿಯನ್ನು ನೋಡಿ ನಿಟ್ಟುಸಿರಿಟ್ಟ.

"ಮೂಗು ದೊಡ್ಡದು ಮಾಡ್ಸಿದೀಯ, ಇಂದ್ಗಡೆ ದಾರಿನೂ ದೊಡ್ಡದು ಮಾಡ್ಸಿದೀಯ. ಒಟ್ಟೆಗೆ ಮಾತ್ರ ಅದೇ ಒಂದು ತುತ್ತು. ಗಾಳಿ ಕುಡ್ಕಂಡು ಅದೆಷ್ಟು ದಿನ ಓಡ್ತದಪ್ಪ?"

ಪಂಚೆಗೆ ಕಲೆಯಾಗದಂತೆ ಕೈ ದೂರ ಚಾಚಿಕೊಂಡೇ ಕಾರ್ಬ್ಯುರೇಟರ್ ಬಿಚ್ಚಿ, ಪೆಟ್ರೋಲ್ ಹೆಚ್ಚು ಬಿಡುವ ದೊಡ್ಡ ಜೆಟ್ ಹಾಕಿದ. ಉಳಿದದ್ದನ್ನು ಬಾಯಲ್ಲಿ ಹೇಳಿಕೊಟ್ಟ. ಐದಾರು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ನೋಡಬೇಕು. ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ, ಕಾರ್ಬ್ಯುರೇಟರಿನ ಗಾಳಿ ಸ್ಕ್ರೂ ಅರ್ಧ ಸುತ್ತು ಸಡಿಲಿಸಬೇಕು. ಬಿಳಿಯಿದ್ದರೆ ಗಾಳಿ ಜಾಸ್ತಿ, ಬಿಗಿ ಮಾಡಬೇಕು. ಬೆಲ್ಲದ ಬಣ್ಣ ಬಂದಿದ್ದರೆ ಕೈ ಮುಗಿದು ಸುಮ್ಮನಾಗಬೇಕು. ಇಷ್ಟು ಹೇಳಿ ಮಾರಯ್ಯ ಬಸ್ ಹತ್ತಿದ.

ರಂಗರಾಜು ಲೆಕ್ಕ ಹಾಕಿದಂತೆ ಆರು ಕಿಲೋಮೀಟರ್ ಮುಗಿದದ್ದು ತನ್ನೂರು ದಾಟಿ, ದೊಡ್ಡಪ್ಪ ಪುಟ್ಟಸಿದ್ದಯ್ಯನ ಆಲೆಮನೆಯ ಮುಂದೆ. ದಾರಿಯಲ್ಲಿ ಒಂದು ಸದ್ದಿಲ್ಲ. ಬೆಲ್ಲದ ಬಣ್ಣ ನೋಡಲು ಆಲೆಮನೆಗಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ ಎಂದು ಅವನು ಹಿಗ್ಗಿದ.

ಒಳಗೆ ಗಾಣದ ಡೀಸೆಲ್ ಎಂಜಿನ್ ತಾಳ ಹಾಕುತ್ತಿತ್ತು. ಪುಟ್ಟಸಿದ್ದಯ್ಯ ಕೊಪ್ಪರಿಗೆಯ ಪಕ್ಕ ಕುಳಿತು, ಪಕ್ಕದ ಜಮೀನಿನ ಮಾದುವಿಗೆ ಸಮಾಧಾನ ಹೇಳುತ್ತಿದ್ದ. ಕಾಡುಹಂದಿಗಳು ಮಾದುವಿನ ಕಬ್ಬನ್ನು ಮೂಲೆಯಿಂದ ಮೂಲೆಗೆ ಉರುಳಿಸಿದ್ದವು. ರಸ್ತೆ ಪಕ್ಕದ ಪುಟ್ಟಸಿದ್ದಯ್ಯನ ಕಬ್ಬನ್ನು ಮಾತ್ರ ಒಂದು ತಿಂಗಳಿಂದ ಮೂಸಿಯೂ ನೋಡಿರಲಿಲ್ಲ. ಎಲ್ಲ ಮಾದಪ್ಪನ ದಯೆ ಎಂದು ಅವನು ಬೆಟ್ಟದ ದಿಕ್ಕಿಗೆ ಕೈ ಮುಗಿದ.

ರಂಗರಾಜು ಬಿಸಿ ಪ್ಲಗ್ಗನ್ನು ಟವೆಲಿನಲ್ಲಿ ಹಿಡಿದು ತಂದು, ಸಿಡಿಯುವುದು ನಿಂತ ಸುದ್ದಿಯನ್ನೂ ಮಾರಯ್ಯನ ಮಾತನ್ನೂ ಒಂದೇ ಉಸಿರಿಗೆ ಹೇಳಿದ. ಪ್ಲಗ್ಗಿನ ತುದಿ ಒಳ್ಳೆ ಕಂದು ಬಣ್ಣಕ್ಕಿತ್ತು. ಪುಟ್ಟಸಿದ್ದಯ್ಯನ ಮುಖ ಯಾಕೋ ಸಣ್ಣದಾಯಿತು. ಪ್ಲಗ್ಗನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದ ಬೆಲ್ಲ ಅಂತಾರೇನ್ಲಾ? ಇದ ಮಂಡಿಗ್ ತಕಂಡೋದ್ರೆ ದನಗೊಳ್ಗಾಕು ಅಂತಾರ. ನೋಡಿಲ್ಲಿ, ಬೆಲ್ಲ ಅಂದ್ರೆ ಇದು" ಎಂದು ಆಗತಾನೇ ಅಚ್ಚಿನಿಂದ ಬಿದ್ದ, ಹೊಂಬಾಳೆಯಂತೆ ಬೆಳ್ಳಗಿದ್ದ ಉಂಡೆಯೊಂದನ್ನು ಪಕ್ಕದಲ್ಲಿಟ್ಟ.

ಬೆಲ್ಲದ ವಿಷಯದಲ್ಲಿ ನಲವತ್ತು ವರ್ಷದ ಅನುಭವಸ್ಥನ ಮುಂದೆ ಮಾರಯ್ಯನ ಮಾತು ರಂಗರಾಜುವಿಗೆ ಹಗುರವಾಗಿ ಕಂಡಿತು. ಸ್ಕ್ರೂ ಅರ್ಧ ಸುತ್ತು ಸಡಿಲಿಸಿ, ಒಂದು ಸುತ್ತು ಹೋಗಿ ಬಂದ. ಪ್ಲಗ್ ಕೊಂಚ ತಿಳಿಯಾಗಿತ್ತು. ಪುಟ್ಟಸಿದ್ದಯ್ಯ ತಲೆಯಾಡಿಸಿ, ಪಾಕ ಇನ್ನೂ ಬಂದಿಲ್ಲ ಎಂದ. ಮತ್ತೆ ಅರ್ಧ ಸುತ್ತು. ಕೊಪ್ಪರಿಗೆಯ ಮೇಲಿನ ಮಡ್ಡಿ ತೆಗೆಯುತ್ತಿದ್ದ ಮಾದು, ಬಣ್ಣ ಬಿಡದಿದ್ದರೆ ಚಿಟಿಕೆ ಸುಣ್ಣ ಹಾಕಿ ನೋಡಿ ಎಂದು ತನ್ನ ಪಾಲಿನ ಸಲಹೆ ಕೊಟ್ಟ. ನಾಲ್ಕನೆಯ ಸಲ ಪ್ಲಗ್ ಇಡ್ಲಿಯಷ್ಟು ಬೆಳ್ಳಗಾದಾಗ ಪುಟ್ಟಸಿದ್ದಯ್ಯನ ಮುಖ ಅರಳಿತು. "ಈಗ ಬಂತು ನೋಡು ಒಂದನೇ ನಂಬರ್ ಮಾಲು. ಇನ್ ಮುಟ್ಬ್ಯಾಡ."

ಅಷ್ಟರಲ್ಲಿ ಹನ್ನೊಂದಾಗಿತ್ತು. ರೇಷ್ಮೆ ಸೀರೆ ಉಟ್ಟು ಮನೆ ಬಾಗಿಲಲ್ಲಿ ನಿಂತಿದ್ದ ಕವಿತ ಹಣ್ಣಿನ ಬುಟ್ಟಿ ಹಿಡಿದು ಹಿಂದೆ ಕೂತಳು.

ಊರಿನ ಬೀದಿ ದಾಟುವ ಮೊದಲೇ ಗಾಡಿಯ ಹೊಟ್ಟೆಯಲ್ಲಿ ಗುಟುರು ಕೇಳಿಸಿತು. ಆಕ್ಸಿಲರೇಟರ್ ಬಿಟ್ಟರೆ ತಾನೇ ಸಿಡಿಯುವುದು, ಬಿಡದಿದ್ದರಾಯಿತು ಎಂದು ಅವನು ನಿರ್ಧರಿಸಿದ. ಹಂಪುಗಳನ್ನು ಬಿಡದೆ ಹಾರಿಸಿದ. ಕೊಳ್ಳೇಗಾಲದ ಸರ್ಕಲಿನಲ್ಲಿ ಬಸ್ಸು ಅಡ್ಡ ಬಂದಾಗ ನಿಲ್ಲುವ ಬದಲು ಮದುವೆ ಗಂಡಿನ ಹಾಗೆ ಎರಡು ಪ್ರದಕ್ಷಿಣೆ ಹಾಕಿದ. ಬುಟ್ಟಿಯ ಬಾಳೆಹಣ್ಣು ದಾರಿಯುದ್ದಕ್ಕೂ ಒಂದೊಂದಾಗಿ ಇಳಿದುಹೋದವು. ಆದರೆ ಗಾಡಿ ಸಿಡಿಯಲಿಲ್ಲ.

ಯಳಂದೂರು ಬಂತು. ಆಶಾರಾಣಿಯ ಬೀದಿಯೂ ಬಂತು. ಇನ್ನು ನಿಲ್ಲಿಸಲೇಬೇಕು. ರಂಗರಾಜು ಗೇರಿನಲ್ಲಿದ್ದ ಗಾಡಿಯ ಕೀಲಿಯನ್ನೇ ತಿರುಗಿಸಿ ಆಫ್ ಮಾಡಿದ. ಗಾಡಿ ಬುಸ್ ಎನ್ನುತ್ತಾ ತಾನಾಗಿ ಉರುಳಿತು. ಮನೆಗೆ ಇಪ್ಪತ್ತು ಹೆಜ್ಜೆ ಉಳಿದಿತ್ತು. ಗೆದ್ದೆ ಎಂದುಕೊಂಡ.

"ಬಿಸ್ಲಲ್ಲಿ ಇಲ್ಯಾಕೆ ನಿಲ್ಲುಸ್ತೀರಿ? ಚಪ್ಪರದ ತಾವ್ಕೆ ಓಗಿ" ಎಂದಳು ಕವಿತ.

ಅವನು ಮೈಮರೆತು ಕೀಲಿ ಆನ್ ಮಾಡಿದ. ಸೈಲೆನ್ಸರಿನೊಳಗೆ ಅಷ್ಟು ಹೊತ್ತು ಸೇರಿಕೊಂಡಿದ್ದ ಪೆಟ್ರೋಲಿಗೆ ಒಟ್ಟಿಗೇ ಕಿಡಿ ತಗುಲಿತು. ಅದು ಡಬಾರ್ ಅಲ್ಲ, ಕಲ್ಲು ಕ್ವಾರಿಯ ಮದ್ದು.

ಒಳಗೆ ಆಗ ಸರಿಯಾಗಿ ಅವನ ಅತ್ತೆ ಮಹಾಲಕ್ಷ್ಮಮ್ಮ ಮೊಮ್ಮಗುವಿನ ಕಿವಿಗೆ ಬಾಯಿಟ್ಟು ಹೆಸರು ಹೇಳಲು ಉಸಿರೆಳೆದುಕೊಂಡಿದ್ದರು. ಮಗು ಕಿಟಾರನೆ ಕಿರುಚಿತು. ತಾಂಬೂಲದ ತಟ್ಟೆ ನೆಲಕ್ಕೆ ಬಿತ್ತು. ಕರು ಮತ್ತೆ ಹಗ್ಗ ಕಿತ್ತಿತು. ಮಹಾಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಹೊರಗೆ ಬಂದು ಹೇಳಿದರು: "ನಾವೇಳೋಕ್ ಮುಂಚೇನೆ ಅಳಿಮಯ್ಯ ಎಸ್ರು ಏಳ್ಬುಟ್ರಲ್ಲ."

ಕವಿತ ಬಸ್ಸಿನಲ್ಲಿ ವಾಪಸಾದಳು. ಗಾಡಿ ಮನೆ ಬಿಟ್ಟು ಹೋಗುವ ಸುದ್ದಿ ಅವಳಿಗಿಂತ ಮುಂಚೆ ಫೋನಿನಲ್ಲಿ ಊರು ಸೇರಿತ್ತು. ರಂಗರಾಜು ಕರು ಹಿಡಿದುಕೊಟ್ಟು ಮನೆಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಪುಟ್ಟಸಿದ್ದಯ್ಯ ಏದುಸಿರು ಬಿಡುತ್ತಾ ನಿಂತಿದ್ದ. ತನ್ನ ಮಗಳು ಶೃತಿ ಮೈಸೂರಿಗೆ ಓದಲು ಹೋದ ಮೇಲೆ ಕೊಟ್ಟಿಗೆಯಲ್ಲಿ ನಿಂತಿದ್ದ ಅವಳ ಸ್ಕೂಟರನ್ನು ಒರೆಸಿ ತಂದಿದ್ದ. ಇದನ್ನು ಇಟ್ಟುಕೊಂಡು ಬೈಕು ತನಗೆ ಕೊಡಿ, ಹೊರಗಿನವರ ಕೈಗೆ ಹೋಗುವುದು ಬೇಡ ಎಂದ. ಕವಿತ "ನಮ್ಮಾವ ದೇವ್ರಂಥೋರು" ಎಂದು ಸ್ಕೂಟರಿಗೆ ಕುಂಕುಮ ಹಚ್ಚಿದಳು. ರಂಗರಾಜುವಿನ ಕಣ್ಣೂ ತೇವವಾಯಿತು. ಗಾಡಿ ಮನೆತನದಲ್ಲೇ ಉಳಿಯಿತಲ್ಲ, ಯಾವಾಗಲಾದರೂ ಒಂದು ರೌಂಡ್ ಹೊಡೆಯಬಹುದು.

ಹೊತ್ತು ಮುಳುಗಿದ ಮೇಲೆ ಅವನೇ ಗಾಡಿಯನ್ನು ಆಲೆಮನೆಗೆ ಬಿಡಲು ಹೋದ. ಪುಟ್ಟಸಿದ್ದಯ್ಯ ಅದನ್ನು ಶೆಡ್ಡಿಗೆ ಸೇರಿಸಲಿಲ್ಲ. ಕಬ್ಬಿನ ಗದ್ದೆಯ ಬದುವಿಗೆ ತಳ್ಳಿಸಿ, ಅಲ್ಲಿ ಮೊದಲೇ ಹಾಸಿದ್ದ ಕಲ್ಲು ಚಪ್ಪಡಿಯ ಮೇಲೆ ಸ್ಟ್ಯಾಂಡ್ ಹಾಕಿಸಿ, ಸೈಲೆನ್ಸರಿನ ಬಾಯನ್ನು ಕಾಡಿನ ಕಡೆಗೆ ತಿರುಗಿಸಿ, ಹಿಂದಿನ ಚಕ್ರಕ್ಕೆ ಸರಪಳಿ ಬಿಗಿದ.

ರಂಗರಾಜು ಕಾಡನ್ನು ನೋಡಿದ, ಕಬ್ಬನ್ನು ನೋಡಿದ, ಸೈಲೆನ್ಸರನ್ನು ನೋಡಿದ. "ದೊಡ್ಡಪ್ಪ, ಬೆಳಗ್ಗೆ ಆ ಪ್ಲಗ್ಗು..."

"ಗಾಣದ ಎಂಜಿನ್ನ ನಲವತ್ತೊರ್ಸದಿಂದ ನಾನೇ ಬಿಚ್ಚಿ ಕಟ್ತಾ ಇವ್ನಿ ಕಣ್ಲಾ" ಎಂದ ಪುಟ್ಟಸಿದ್ದಯ್ಯ, ಸ್ವಲ್ಪ ನಾಚಿಕೆಯಿಂದಲೇ. "ನೀನು ತಂದಾಗ್ಲೇ ಸರ್ಯಾಗಿತ್ತು. ಅಷ್ಟ್ ಚೆಂದಾಗಿರೋ ಬಣ್ಣ ನಾನು ಕಂಡೇ ಇರ್ನಿಲ್ಲ. ಆದ್ರೆ ನೀನು ದಿನಾ ಸದ್ದಿಲ್ದಂಗೆ ಓಗ್ಬುಟ್ರೆ ಕಾಡಂದಿಗೊಳ್ಗೆ ಬರ್ಬ್ಯಾಡಿ ಅಂತ ಯಾರ್ಲಾ ಏಳೋರು?"

ರಂಗರಾಜು ಮನೆ ಕಡೆ ತಿರುಗಿದ. ಪುಟ್ಟಸಿದ್ದಯ್ಯ ಕಿಕ್ಕರನ್ನು ತುಳಿದ. ಇನ್ನೊಮ್ಮೆ ತುಳಿದ. ಗಾಡಿ ಎಮ್ಮೆಯ ಹಾಗೆ ಸುಮ್ಮನೆ ನಿಂತಿತ್ತು.

"ಲೇ ರಂಗರಾಜು, ಬಾರ್ಲಾ ಇಲ್ಲಿ. ನನ್ ಮಂಡಿ ಕೇಳದಿಲ್ಲ. ದಿನಾ ಏಳೂವರೆಗೆ ಬಂದು ನಾಕ್ ಸಲ ರೊಯ್ ಅನ್ಸಿ ಬುಡು, ಸಾಕು."

ರಂಗರಾಜು ಹಿಂದಕ್ಕೆ ಬಂದ. ಗಾಡಿಯನ್ನು ಎಡಕ್ಕೆ ಕೊಂಚ ವಾಲಿಸಿ, ಅರ್ಧ ಒತ್ತಿ, ಒಂದು ಉಸಿರು ಬಿಟ್ಟು ತುಳಿದ. ರೊಯ್ ಎನ್ನಿಸಿ ಬಿಟ್ಟ. ಡಬ್ ಡಬ್ ಡಬಾರ್.

ಅತ್ತ ಊರಿನಲ್ಲಿ ಎಲ್ಲರೂ ಎಂದಿನಂತೆ ಅನ್ನಕ್ಕಿಟ್ಟರು. ಅದು ಬೇಯುವುದರೊಳಗೆ ಮನೆ ಸೇರಬೇಕೆಂದು ರಂಗರಾಜು ಬಿರಬಿರನೆ ನಡೆಯತೊಡಗಿದ.