ಹದಿಮೂರು ಮೀಟರಿನ ಹಂಸ

ಪರಮಶಿವಪ್ಪ ಮೇಷ್ಟ್ರು ಕೆಟ್ಟಿದ್ದು ವಾರಪತ್ರಿಕೆಯ ಮೂಲೆಯಲ್ಲಿದ್ದ ಒಂದು ಸುದ್ದಿಯಿಂದ. ನಮ್ಮ ಆಕಾಶಗಂಗೆಯಾಚೆ, ಹಂಸ ನಕ್ಷತ್ರಗಳ ದಿಕ್ಕಿನಲ್ಲಿ, ಇನ್ನೊಂದು ನಕ್ಷತ್ರಲೋಕದ ನಡುಮಧ್ಯ ಕುದಿಯುತ್ತಿದೆಯಂತೆ. ಅದರ ಸುಯ್ಯೆನ್ನುವ ಸದ್ದು ರೇಡಿಯೋಕ್ಕೂ ಸಿಕ್ಕೀತಂತೆ. ಹದಿಮೂರು, ಹದಿನಾರು, ಹತ್ತೊಂಬತ್ತು ಮೀಟರಿನ ಅಲೆಗಳಲ್ಲಿ, ಎರಡು ಊರಲ್ಲಿ ಕೂತು, ಒಂದೇ ಹೊತ್ತಿಗೆ ಕೇಳಿ, ಸದ್ದಿಗೆ ಹತ್ತಕ್ಕಿಷ್ಟು ಎಂದು ಅಂಕ ಹಾಕಿ ಪಟ್ಟಿ ಕಳಿಸಿದವರ ಹೆಸರನ್ನು ಮೈಸೂರಿನ ಪ್ರೊಫೆಸರೊಬ್ಬರು ಅಚ್ಚು ಹಾಕಿಸುತ್ತಾರಂತೆ.

ಮೇಷ್ಟ್ರು ಶಿಕಾರಿಪುರದಲ್ಲಿ ಕೂತರು. ಸೊರಬದಲ್ಲಿ ಭಾಮೈದ ಮಹೇಶ್ವರಪ್ಪನನ್ನು ಕೂರಿಸಿದರು. ನಲವತ್ತು ದಿನದ ಪಟ್ಟಿ ತುಂಬಿತ್ತು. ಇವತ್ತೊಂದು ದಿನ ಕೇಳಿ, ಭಾಮೈದನ ಪಟ್ಟಿ ಜೊತೆಗಿಟ್ಟು, ಸಂಜೆ ಟಪಾಲಿಗೆ ಹಾಕಬೇಕು. ಇವತ್ತೇ ಕಡೇ ದಿನ.

ಮಧ್ಯಾಹ್ನ ಹಂಸ ನೆತ್ತಿಗೆ ಬರುವ ಹೊತ್ತು. ಬಸುರಿಯ ಹೊಟ್ಟೆಗೆ ಕಿವಿಯಿಟ್ಟ ಸೂಲಗಿತ್ತಿಯಂತೆ ಮೇಷ್ಟ್ರು ರೇಡಿಯೋಕ್ಕೆ ಅಂಟಿದ್ದರು. ಎದುರುಮನೆ ಹುಲಿಗೆಮ್ಮ ಒಳಗೇ ಬಂದಳು.

"ಮೇಷ್ಟ್ರೇ, ನಿಮ್ಮನ್ಯಾಗೆ ಆಕಾಶವಾಣಿ ಆಗ್ತೈತಂತೆ? ಕಂಸಂಗೆ ಆಗಿತ್ತಲ್ಲ, ಅಂಥದ್ದು? ನಮ್ಮೆಮ್ಮೆ ಎತ್ಲಾಗ್ ಹೋತು, ಒಂಚೂರು ಕೇಳ್ರೀ."

"ಇದು ಕೋಟಿ ಕೋಟಿ ವರ್ಷದ ಹಿಂದೆ ಹೊರಟ ಸದ್ದು ಕಣಮ್ಮ!"

"ಹಂಗಾರೆ ಬಿಡ್ರಿ. ಆವಾಗ ನಮ್ಮೆಮ್ಮೆ ಹುಟ್ಟೇ ಇರ್ಲಿಲ್ಲ."

ಅಷ್ಟರಲ್ಲಿ ಪೆಟ್ರೋಮ್ಯಾಕ್ಸ್ ರಿಪೇರಿಯ ಬಡೇಸಾಬ್ ಗದ್ದಲ ಕೇಳಿ ಬಂದವನು, ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯ ಹಿಂದೆ ಕೈಹಾಕಿಬಿಟ್ಟಿದ್ದ. "ಸುಯ್ ಅಂತೈತಲ್ರೀ ಪಾಪ" ಎಂದು ಒಂದೇ ತಿರುವು ತಿರುವಿದ. ಸುಯ್ ಸತ್ತಿತು. ಸಿಲೋನಿನ ಹಾಡು ಗಂಟಲು ಬಿಚ್ಚಿತು.

"ಸ್ಕ್ರೂ ಸಡಿಲಾಗಿತ್ತು ಮೇಷ್ಟ್ರೇ. ಎಷ್ಟು ದಿನಾತು ಹಿಂಗೆ?"

"ನಲವತ್ತು" ಎನ್ನಲು ಹೋದ ಮೇಷ್ಟ್ರು ನುಂಗಿಕೊಂಡರು. ಮರುಕ್ಷಣ ಎದ್ದು ನಿಂತರು. "ಸ್ಕ್ರೂ ಅಂತೆ ಸ್ಕ್ರೂ! ನನ್ ಸ್ಕ್ರೂ ಸಡಿಲಾದ್ರೆ ಸೊರಬದಲ್ಲಿ ಹ್ಯಾಗ್ರೀ ಕೇಳ್ಸತ್ತೆ? ಅಲ್ಲೂ ಇಲ್ಲಿಯಷ್ಟೇ ಕೇಳ್ಸಿದೆ!"

"ಅವ್ರದೂ ಸಡಿಲಾಗಿರ್ಬೇಕು" ಎಂದಳು ಹುಲಿಗೆಮ್ಮ.

ಸೊರಬದ ಬಸ್ಸು ತುಂಬಿತ್ತು. ಮೇಷ್ಟ್ರು ಎರಡು ಕೋಳಿಬುಟ್ಟಿಗಳ ನಡುವೆ ಒಂಟಿ ಕಾಲಲ್ಲಿ ನಿಂತು, ಪಟ್ಟಿಯನ್ನು ಎದೆಗವುಚಿಕೊಂಡು, ಟಪಾಲು ಚೀಲ ಕಟ್ಟಲು ಅರ್ಧ ಗಂಟೆ ಇರುವಾಗ ಇಳಿದರು.

ಮಹೇಶ್ವರಪ್ಪ ಪಟ್ಟಿ ತಂದಿಟ್ಟ. ಮುತ್ತು ಪೋಣಿಸಿದಂಥ ಅಕ್ಷರ. ಮೂರೂ ಮೀಟರಿನ ಅಂಕ ಮೇಷ್ಟ್ರ ಅಂಕಕ್ಕೆ ಕಾಲಂಕವೂ ತಪ್ಪಿರಲಿಲ್ಲ. ಮೇಷ್ಟ್ರ ಕಣ್ಣಲ್ಲಿ ನೀರು.

"ನೋಡಿದ್ಯೇನಯ್ಯಾ! ಸ್ಕ್ರೂ ಅಂತಾನೆ ಆ ಸಾಬಿ. ಎಲ್ಲಿ, ಹಾಕು ನಿನ್ ರೇಡಿಯೋ. ಒಂದ್ಸಲ ಕೇಳ್ಬಿಟ್ಟು ರುಜು ಹಾಕೋಣ."

ಮಹೇಶ್ವರಪ್ಪ ತಲೆ ಕೆರೆದ. "ಅದರ ಬ್ಯಾಟರಿ ಸತ್ತು ಎರಡು ತಿಂಗಳಾಯ್ತಲ್ಲ ಭಾವ."

"ಮತ್ತೆ ಈ ಅಂಕ?"

"ದಿನಾ ಕಾರ್ಡು ಬರೀತಿದ್ರಲ್ಲ, 'ನನಗೆ ಏಳು ಕೇಳಿಸಿತು, ನಿನಗೆಷ್ಟು?' ಅಂತ. ಅಕ್ಕನ್ನ ಕೊಟ್ಟ ಮನೆ. ನಿಮಗಿಂತ ಜಾಸ್ತಿ ಕೇಳಿಸ್ತು ಅಂದ್ರೆ ನಂಗೆ ಸೊಕ್ಕು ಅಂತೀರಿ. ಕಮ್ಮಿ ಅಂದ್ರೆ ನಿಮಗೆ ಅವಮಾನ. ಭಾವ ಏಳು ಅಂದ್ಮೇಲೆ ನಮ್ಮನೇಲೂ ಏಳೇ!"